ಸಾರ್ವಜನಿಕ ಉದ್ಯಾನಗಳಲ್ಲಿ ಧೂಮಪಾನ ನಿಷೇಧ: ಪದೇ ಪದೇ ಕೇಳುವ ಪ್ರಶ್ನೆಗಳು

ಉದ್ಯಾನಗಳಲ್ಲಿ ಧೂಮಪಾನವನ್ನು ನಿಷೇಧಿಸಬೇಕೆಂಬ ಪ್ರಸ್ತಾಪ ಬಂದಾಗಲೆಲ್ಲ ಮಾತುಕತೆಗಳಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಇಲ್ಲಿ ಕೊಟ್ಟು ಉತ್ತರಿಸಲಾಗಿದೆ. ಕೇಳಿದವರಲ್ಲಿ ಸೇದುವವರು, ಸೇದದವರು, ಬಿಡಲು ಹೆಣಗುತ್ತಿರುವವರು ಎಲ್ಲರೂ ಇದ್ದಾರೆ. ನಾನು ನಿಷೇಧದ ಪರವಾಗಿದ್ದೇನೆ. ಆದರೆ ಅದಕ್ಕೆ ಕೊಡುವ ಕಾರಣಗಳಲ್ಲಿ ಉತ್ಪ್ರೇಕ್ಷೆ ಇರಬಾರದು, ಜಾರಿ ಮಾಡುವ ರೀತಿಯಲ್ಲಿ ಕ್ರೌರ್ಯ ಇರಬಾರದು ಎಂಬುದು ನನ್ನ ನಿಲುವು. ಉತ್ತರಗಳನ್ನು ಆ ನಿಲುವಿನಿಂದಲೇ ಬರೆಯಲಾಗಿದೆ.

## ಮೊದಲು ತಿಳಿಯಬೇಕಾದದ್ದು

ನಿಷೇಧ ಅಂದರೆ ಸಿಗರೇಟು ಜೇಬಿನಲ್ಲಿ ಇಟ್ಟುಕೊಂಡು ಒಳಗೆ ಹೋಗುವುದೂ ತಪ್ಪೇ?

ಅಲ್ಲ. ಇಂತಹ ನಿಯಮಗಳು ಸಾಮಾನ್ಯವಾಗಿ ಹೊತ್ತಿಸುವುದನ್ನು, ಸೇದುವುದನ್ನು ಮತ್ತು ಉರಿಯುತ್ತಿರುವ ಸಿಗರೇಟು, ಬೀಡಿ, ಚುಟ್ಟಾ ಅಥವಾ ಪೈಪನ್ನು ಕೈಯಲ್ಲಿ ಹಿಡಿದಿರುವುದನ್ನು ಮಾತ್ರ ತಡೆಯುತ್ತವೆ. ಜೇಬಿನಲ್ಲಿರುವ ಪೊಟ್ಟಣಕ್ಕೂ ನಿಯಮಕ್ಕೂ ಸಂಬಂಧವಿಲ್ಲ.

ನಿಷೇಧದ ವ್ಯಾಪ್ತಿ ಎಲ್ಲ ಕಡೆ ಒಂದೇ ರೀತಿ ಇಲ್ಲ. ನ್ಯೂಯಾರ್ಕ್ ನಗರವು 2011ರ ಮೇ ತಿಂಗಳಿನಿಂದ ತನ್ನ ಎಲ್ಲ ಉದ್ಯಾನಗಳಲ್ಲಿಯೂ ಕಡಲತೀರಗಳಲ್ಲಿಯೂ ಧೂಮಪಾನವನ್ನು ಪೂರ್ತಿಯಾಗಿ ನಿಲ್ಲಿಸಿತು. ಸ್ವೀಡನ್ 2019ರಲ್ಲಿ ಮಕ್ಕಳ ಆಟದ ಜಾಗಗಳನ್ನು ನಿಯಮದೊಳಗೆ ತಂದಿತು. ಫಿನ್ಲೆಂಡ್ 2022ರಲ್ಲಿ ಆಟದ ಜಾಗಗಳ ಜೊತೆಗೆ ಸಾರ್ವಜನಿಕ ಕಡಲತೀರಗಳನ್ನೂ ಸೇರಿಸಿತು. ಇಟಲಿಯ ಮಿಲಾನ್ ನಗರವು 2021ರಲ್ಲಿ ನಡುವಿನ ದಾರಿಯೊಂದನ್ನು ಹಿಡಿದು, ಬೇರೆಯವರಿಂದ ಕನಿಷ್ಠ 10 ಮೀಟರ್ ದೂರದಲ್ಲಿದ್ದರೆ ಮಾತ್ರ ಉದ್ಯಾನದಲ್ಲಿ ಸೇದಬಹುದು ಎಂದಿತು. ಆದ್ದರಿಂದ ನಿಷೇಧದ ಬಗ್ಗೆ ವಾದಿಸುವ ಮೊದಲು ಯಾವ ಬಗೆಯ ನಿಷೇಧದ ಮಾತು ನಡೆಯುತ್ತಿದೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಅರ್ಧಕ್ಕರ್ಧ ಜಗಳಗಳು ಅಲ್ಲಿಗೇ ಮುಗಿಯುತ್ತವೆ.

ಬೇರೆಯವರು ಸೇದಿದ ಹೊಗೆ ನಿಜವಾಗಿಯೂ ಅಷ್ಟು ಅಪಾಯವೇ, ಅಥವಾ ಸುಮ್ಮನೆ ಹೆದರಿಸುತ್ತಾರೆಯೇ?

ಅಪಾಯ ನಿಜ. ಜಪಾನಿನ ಸಂಶೋಧಕ ತಕೇಶಿ ಹಿರಾಯಾಮಾ ಅವರು 1981ರಲ್ಲಿ ಪ್ರಕಟಿಸಿದ ಅಧ್ಯಯನವು, ತಾವು ಎಂದೂ ಸೇದದೆ ಸೇದುವ ಗಂಡಂದಿರ ಜೊತೆ ಬಾಳಿದ ಹೆಂಗಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿರುವುದನ್ನು ತೋರಿಸಿತು. ತಂಬಾಕು ಕಂಪನಿಗಳು ಅದನ್ನು ಬಲವಾಗಿ ಅಲ್ಲಗಳೆದವು. ಅನಂತರದ ಅಧ್ಯಯನಗಳು ಅದನ್ನೇ ಗಟ್ಟಿ ಮಾಡಿದವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಪರೋಕ್ಷ ಧೂಮಪಾನವನ್ನು, ಅಂದರೆ ಬೇರೆಯವರು ಸೇದಿದ ಹೊಗೆಯನ್ನು ಉಸಿರಾಡುವುದನ್ನು, ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾಗಿರುವ ಮೊದಲನೆಯ ಗುಂಪಿಗೆ ಸೇರಿಸಿದೆ. ಈ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿದ್ದು, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್‌ಕಾರಕಗಳು. ಪರೋಕ್ಷ ಧೂಮಪಾನಕ್ಕೆ ಅಪಾಯವೇ ಇಲ್ಲದ ಪ್ರಮಾಣ ಎಂಬುದೊಂದಿಲ್ಲ ಎಂದು ಅಮೆರಿಕ ಸರ್ಕಾರದ ಮುಖ್ಯ ಸಾರ್ವಜನಿಕ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ 2006ರ ವರದಿಯಲ್ಲಿ ಹೇಳಿದರು.

ಆದರೆ ಈ ಪುರಾವೆಯ ಬಹುಪಾಲು ಮನೆ, ಕಚೇರಿ, ಹೋಟೆಲುಗಳಂತಹ ಮುಚ್ಚಿದ ಜಾಗಗಳಿಗೆ ಸಂಬಂಧಿಸಿದ್ದು. ಅದನ್ನು ಹಾಗೆಯೇ ಎತ್ತಿ ಬಯಲಿಗೆ ಅನ್ವಯಿಸುವುದು ಸರಿಯಲ್ಲ. ಬಯಲಿನ ಲೆಕ್ಕವೇ ಬೇರೆ. ಅದಕ್ಕೆ ಮುಂದಿನ ಪ್ರಶ್ನೆ.

ಬಯಲಲ್ಲಿ ಸೇದಿದರೆ ಹೊಗೆ ಗಾಳಿಗೆ ಹಾರಿಹೋಗುತ್ತದಲ್ಲ, ಅದರಿಂದ ಯಾರಿಗೇನು ತೊಂದರೆ?

ಇದು ಎಲ್ಲಕ್ಕಿಂತ ಹೆಚ್ಚು ಮಂದಿ ಕೇಳುವ ಪ್ರಶ್ನೆ, ಮತ್ತು ಇದರಲ್ಲಿ ಅರ್ಧ ಸತ್ಯವಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಹೊರಾಂಗಣದಲ್ಲಿ ತಂಬಾಕಿನ ಹೊಗೆಯ ಸೂಕ್ಷ್ಮ ಕಣಗಳನ್ನು ಅಳೆದು 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಗರೇಟು ಆರಿದ ಕೂಡಲೇ ಕಣಗಳ ಪ್ರಮಾಣ ತಟ್ಟನೆ ಇಳಿಯಿತು. ಮುಚ್ಚಿದ ಕೋಣೆಯಲ್ಲಿ ಹಾಗಾಗುವುದಿಲ್ಲ, ಅಲ್ಲಿ ಹೊಗೆ ಗಂಟೆಗಟ್ಟಲೆ ನಿಲ್ಲುತ್ತದೆ. ಸೇದುವವರಿಂದ ಎರಡು ಮೀಟರ್ ದಾಟಿದ ಮೇಲೆ ಪ್ರಮಾಣ ಬಹಳ ಕಡಿಮೆಯಾಯಿತು. ಆದರೆ ಅರ್ಧ ಮೀಟರಿನಷ್ಟು ಹತ್ತಿರದಲ್ಲಿ, ಸಿಗರೇಟು ಉರಿಯುತ್ತಿರುವಷ್ಟು ಹೊತ್ತು, ಹೊಗೆಯ ಮಟ್ಟ ಒಳಾಂಗಣದ ಮಟ್ಟಕ್ಕೆ ಸಮನಾಗಿ ಏರಬಲ್ಲುದು ಎಂಬುದೂ ಅದೇ ಅಳತೆಯಲ್ಲಿ ಕಂಡುಬಂತು.

ಈಗ ಉದ್ಯಾನದಲ್ಲಿ ಜನ ಹೇಗೆ ಕೂರುತ್ತಾರೆ ಎಂಬುದನ್ನು ಗಮನಿಸಿ. ಬೆಂಚಿನ ಉದ್ದವೇ ಒಂದೂವರೆ ಎರಡು ಮೀಟರ್. ಒಂದು ತುದಿಯಲ್ಲಿ ಸೇದುವವರು, ಇನ್ನೊಂದು ತುದಿಯಲ್ಲಿ ನಡೆದು ಸುಸ್ತಾಗಿ ಕುಳಿತ ಹಿರಿಯರು. ಗಾಳಿ ಅತ್ತ ಬೀಸಿದರೆ ಏನೂ ಇಲ್ಲ, ಇತ್ತ ಬೀಸಿದರೆ ಹೊಗೆಯೆಲ್ಲ ನೇರವಾಗಿ ಮುಖಕ್ಕೆ. ಜೋಕಾಲಿಯ ಪಕ್ಕ, ಮಗುವಿನ ತಳ್ಳುಗಾಡಿಯ ಬಳಿ, ನೀರಿನ ನಲ್ಲಿಯ ಮುಂದಿನ ಸರದಿಯಲ್ಲಿ ಇರುವ ಅಂತರವೂ ಅಷ್ಟೇ. ಉಬ್ಬಸವಿರುವವರಿಗೆ ಕೆಲವು ನಿಮಿಷಗಳ ಹೊಗೆ ಸಾಕು, ಎದೆ ಬಿಗಿಯಲು ಶುರುವಾಗುತ್ತದೆ. ದೂರದ ಮರದಡಿ ಒಬ್ಬರೇ ನಿಂತು ಸೇದಿದರೆ ಇಡೀ ಉದ್ಯಾನ ವಿಷವಾಗುತ್ತದೆ ಎಂದು ಹೇಳುವುದು ಸುಳ್ಳು. ಪಕ್ಕದಲ್ಲಿ ಕುಳಿತವರಿಗೆ ತೊಂದರೆಯಿಲ್ಲ ಎಂದು ಹೇಳುವುದೂ ಅಷ್ಟೇ ಸುಳ್ಳು.

ತೊಂದರೆಯಾದವರು ಎದ್ದು ಬೇರೆ ಕಡೆ ಹೋಗಬಹುದಲ್ಲವೇ?

ಕೆಲವರು ಹೋಗಬಹುದು. ಗಾಲಿಕುರ್ಚಿಯಲ್ಲಿರುವವರು, ಮಂಡಿನೋವಿನಿಂದ ಇದ್ದ ಒಂದೇ ನೆರಳಿನ ಬೆಂಚನ್ನು ಹುಡುಕಿ ಕುಳಿತವರು, ಆಟದಲ್ಲಿ ಮುಳುಗಿದ ಮಗುವನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕಾದವರು ಹೋಗಲಾರರು. ಸೇದುವವರಿಗೆ ಎದ್ದು ಹೋಗಿ ಬರಲು ಐದು ನಿಮಿಷ ಸಾಕಾಗುವಾಗ, ಸೇದದವರೇ ಜಾಗ ಬಿಡಬೇಕೆನ್ನುವುದು ನ್ಯಾಯವಾಗಿ ಕಾಣುವುದಿಲ್ಲ.

ರಸ್ತೆಯ ಮೇಲೆ ಇಷ್ಟೊಂದು ವಾಹನಗಳ ಹೊಗೆ ಇರುವಾಗ ಸಿಗರೇಟಿನ ಹಿಂದೆ ಯಾಕೆ ಬಿದ್ದಿದ್ದೀರಿ?

ವಾಹನಗಳ ಹೊಗೆ ದೊಡ್ಡ ಸಮಸ್ಯೆ, ಅದರ ವಿರುದ್ಧವೂ ಕೆಲಸ ಆಗಬೇಕು. ಆ ಹೊಗೆಯಿಂದ ತುಸು ಬಿಡುವು ಸಿಗಲೆಂದೇ ಜನ ಉದ್ಯಾನಕ್ಕೆ ಬರುತ್ತಾರೆ. ಒಂದು ಹೊಗೆ ಇನ್ನೊಂದು ಹೊಗೆಗೆ ಪರವಾನಗಿ ಆಗುವುದಿಲ್ಲ.

## ಮಣ್ಣು, ನೀರು, ಮಕ್ಕಳು

ಸಿಗರೇಟಿನ ತುಂಡು ಹತ್ತಿ ಮತ್ತು ಕಾಗದ ತಾನೆ, ಮಣ್ಣಿನಲ್ಲಿ ಕರಗಿಹೋಗುವುದಿಲ್ಲವೇ?

ನೋಡಲು ಹತ್ತಿಯಂತೆ ಕಂಡರೂ ಅದು ಹತ್ತಿಯಲ್ಲ. ಬಿಸಾಡಿದ ತುಂಡೊಂದನ್ನು ಕಡ್ಡಿಯಿಂದ ಬಿಡಿಸಿ ನೋಡಿದರೆ, ಹೊರಗಿನ ತೆಳು ಕಾಗದದ ಒಳಗೆ ಒತ್ತಾಗಿ ತುಂಬಿದ ಬಿಳಿಯ ನವಿರು ಎಳೆಗಳು ಕಾಣುತ್ತವೆ. ಉರಿದ ತುದಿಯತ್ತ ಅವು ಹಳದಿಯಿಂದ ಕಂದು ಬಣ್ಣಕ್ಕೆ ತಿರುಗಿರುತ್ತವೆ. ಆ ಎಳೆಗಳು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್. ಒಂದೊಂದು ಫಿಲ್ಟರಿನಲ್ಲಿ 12,000ದಷ್ಟು ಇರುತ್ತವೆ. ಅವು ಕರಗುವುದಿಲ್ಲ, ವರ್ಷಗಟ್ಟಲೆ ಉಳಿದು, ಸಣ್ಣ ಸಣ್ಣ ಚೂರುಗಳಾಗಿ ಮಣ್ಣಿನಲ್ಲಿ ಬೆರೆಯುತ್ತವೆ. ಕಂದು ಬಣ್ಣವೆಂದರೆ ಹೊಗೆಯಿಂದ ಹಿಡಿದಿಟ್ಟ ಟಾರು, ನಿಕೋಟಿನ್, ಭಾರಲೋಹಗಳು. ಮಳೆ ಬಿದ್ದಾಗ, ಹುಲ್ಲಿಗೆ ನೀರು ಹಾಯಿಸಿದಾಗ ಅವೆಲ್ಲ ಹೊರಗೆ ಇಳಿಯುತ್ತವೆ.

ಉದ್ಯಾನದ ಮಟ್ಟಿಗೆ ಇದರ ಪರಿಣಾಮ ಅಳತೆಗೆ ಸಿಕ್ಕಿದೆ. ಇಂಗ್ಲೆಂಡಿನ ಆಂಗ್ಲಿಯಾ ರಸ್ಕಿನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತುಂಡುಗಳು ಬಿದ್ದ ಮಣ್ಣಿನಲ್ಲಿ ಕ್ಲೋವರ್ ಸಸ್ಯದ ಬೀಜ ಮೊಳೆಯುವುದು ಶೇ. 27ರಷ್ಟು, ಹುಲ್ಲಿನ ಬೀಜ ಮೊಳೆಯುವುದು ಶೇ. 10ರಷ್ಟು ಕಡಿಮೆಯಾಯಿತು. ಸೇದದ ಹೊಸ ಫಿಲ್ಟರು ಕೂಡ ಹಾನಿ ಮಾಡಿದ್ದು ಗಮನಾರ್ಹ. ಅಂದರೆ ತೊಂದರೆ ವಿಷದ್ದು ಮಾತ್ರವಲ್ಲ, ಪ್ಲಾಸ್ಟಿಕ್ಕಿನದೂ ಹೌದು. ಕೊಳವಿರುವ ಉದ್ಯಾನಗಳಲ್ಲಿ ಇನ್ನೊಂದು ಚಿಂತೆಯಿದೆ. ಅಮೆರಿಕದ ಸಂಶೋಧಕರು 2011ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಲೀಟರಿಗೆ ಸುಮಾರು ಒಂದು ತುಂಡಿನಂತೆ ನೆನೆಸಿದ ನೀರಿನಲ್ಲಿ ನಾಲ್ಕು ದಿನಗಳೊಳಗೆ ಅರ್ಧದಷ್ಟು ಮೀನುಗಳು ಸತ್ತವು.

ಹಾಗಾದರೆ ಹೆಚ್ಚು ಕಸದ ಡಬ್ಬಿ ಇಟ್ಟರೆ ಸಾಲದೇ?

ಡಬ್ಬಿ ಇಡಬೇಕು, ಆದರೆ ಅದೊಂದರಿಂದ ಸಮಸ್ಯೆ ತೀರುವುದಿಲ್ಲ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 4.5 ಲಕ್ಷ ಕೋಟಿ ತುಂಡುಗಳು ಎಲ್ಲೆಂದರಲ್ಲಿ ಬೀಳುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಬಳಸುವ ಅಂದಾಜು. ತುಂಡು ಬಿಸಾಡುವುದು ಬಹಳ ಮಂದಿಗೆ ಸೇದುವ ಕ್ರಿಯೆಯ ಕೊನೆಯ ಭಾಗವೇ ಆಗಿಬಿಟ್ಟಿದೆ: ನೆಲಕ್ಕೆ ಹಾಕುವುದು, ಕಾಲಿನಿಂದ ಹೊಸಕುವುದು, ಮುಂದೆ ನಡೆಯುವುದು. ಬಿಸ್ಕತ್ತಿನ ಪೊಟ್ಟಣವನ್ನು ಜೇಬಿನಲ್ಲಿಟ್ಟುಕೊಂಡು ಡಬ್ಬಿ ಹುಡುಕುವ ವ್ಯಕ್ತಿಯೇ ಸಿಗರೇಟಿನ ತುಂಡನ್ನು ಯೋಚಿಸದೆ ಬಿಡುವುದನ್ನು ಯಾರು ಬೇಕಾದರೂ ಗಮನಿಸಬಹುದು. ಮೇಲಾಗಿ ಹುಲ್ಲಿನ ನಡುವೆ, ಮರಳಿನ ಗುಂಡಿಯಲ್ಲಿ ಹುದುಗಿದ ತುಂಡನ್ನು ಪೊರಕೆ ಎತ್ತುವುದಿಲ್ಲ. ಗುಡಿಸುವವರು ಬಗ್ಗಿ ಬೆರಳಿನಿಂದಲೇ ಆರಿಸಬೇಕು. ಆ ಕೆಲಸದ ಬಗ್ಗೆ ಚರ್ಚೆಯಲ್ಲಿ ಯಾರೂ ಮಾತನಾಡುವುದಿಲ್ಲ, ಮಾತನಾಡಬೇಕು.

ಚಿಕ್ಕ ಮಕ್ಕಳು ತುಂಡನ್ನು ಬಾಯಿಗೆ ಹಾಕಿಕೊಂಡರೆ ಏನಾಗುತ್ತದೆ?

ಸೇದಿ ಬಿಟ್ಟ ತುಂಡಿನಲ್ಲಿಯೂ ನಿಕೋಟಿನ್ ಉಳಿದಿರುತ್ತದೆ. ತೆವಳುವ, ಆಗತಾನೆ ನಡೆಯಲು ಕಲಿತ ಮಗು ಅದನ್ನು ನುಂಗಿದರೆ ವಾಂತಿ, ಜೊಲ್ಲು ಸುರಿಯುವುದು, ಮಂಪರು ಅಥವಾ ವಿಪರೀತ ಚಡಪಡಿಕೆ ಕಾಣಿಸಿಕೊಳ್ಳಬಹುದು. ಹೆಚ್ಚಿನ ಪ್ರಕರಣಗಳು ವಾಂತಿಯಲ್ಲಿ ಮುಗಿಯುತ್ತವೆ, ಆದರೂ ತಡ ಮಾಡದೆ ವೈದ್ಯರನ್ನು ಕೇಳಬೇಕು. ಬಾಯಲ್ಲಿ ಉಳಿದಿರುವುದನ್ನು ಬೆರಳಿನಿಂದ ತೆಗೆಯಿರಿ. ಬಲವಂತದಿಂದ ವಾಂತಿ ಮಾಡಿಸಲು ಹೋಗಬೇಡಿ.

ದೊಡ್ಡವರು ಸೇದುವುದನ್ನು ಕಂಡ ಮಾತ್ರಕ್ಕೆ ಮಕ್ಕಳು ಸೇದಲು ಕಲಿಯುತ್ತಾರೆಯೇ?

ಒಮ್ಮೆ ಕಂಡ ಮಾತ್ರಕ್ಕೆ ಯಾರೂ ಕಲಿಯುವುದಿಲ್ಲ. ಆದರೆ ಮನೆಯವರು, ಗೆಳೆಯರು, ಸುತ್ತಲಿನ ದೊಡ್ಡವರು ಸೇದುವ ವಾತಾವರಣದಲ್ಲಿ ಬೆಳೆದವರು ತಾವೂ ಸೇದುವ ಸಾಧ್ಯತೆ ಹೆಚ್ಚು ಎಂಬುದು ಹತ್ತಾರು ವರ್ಷಗಳ ಸಂಶೋಧನೆಯಿಂದ ತಿಳಿದ ವಿಷಯ. ಬಹುಪಾಲು ಮಂದಿ ಚಟ ಹತ್ತಿಸಿಕೊಳ್ಳುವುದು ಹದಿಹರೆಯದಲ್ಲಿ. ಕಾಲೇಜು ಮುಗಿದ ಮೇಲೆ, ಕೆಲಸಕ್ಕೆ ಸೇರಿದ ಮೇಲೆ ಹೊಸದಾಗಿ ಶುರು ಮಾಡುವವರು ಕಡಿಮೆ. ಹುಡುಗರು ದೊಡ್ಡವರ ಕಣ್ಣಿಂದ ಸ್ವಲ್ಪ ದೂರವಾಗಿ ಗುಂಪುಗೂಡುವ ಮೊದಲ ಜಾಗಗಳಲ್ಲಿ ಉದ್ಯಾನವೂ ಒಂದು. ಅಲ್ಲಿ ಸೇದುವುದು ಮಾಮೂಲಿ ಸಂಗತಿಯಾಗಿ ಕಾಣದಂತೆ ಮಾಡುವುದಕ್ಕೆ ಬೆಲೆಯಿದೆ ಎಂದು ನಾನು ನಂಬಿದ್ದೇನೆ.

ಬೆಂಕಿ ಅನಾಹುತದ ಭಯ ನಿಜವೇ?

ಒಣ ಹುಲ್ಲು, ತರಗೆಲೆ, ಕುರುಚಲು ಗಿಡಗಳಿರುವ ಉದ್ಯಾನಗಳಲ್ಲಿ, ಬೇಸಿಗೆಯಲ್ಲಿ, ನಿಜ. ವರ್ಷವಿಡೀ ಹಸಿರಾಗಿರುವ ಸಣ್ಣ ಉದ್ಯಾನದಲ್ಲಿ ಅದು ಮುಖ್ಯ ಕಾರಣವಲ್ಲ. ಮುಖ್ಯವೆಂದು ಬಿಂಬಿಸಬೇಕಾಗಿಯೂ ಇಲ್ಲ.

## ಹಕ್ಕು ಮತ್ತು ನ್ಯಾಯ

ಸಿಗರೇಟು ಮಾರುವುದು ಕಾನೂನುಬದ್ಧ, ನಾನು ತೆರಿಗೆಯನ್ನೂ ಕಟ್ಟುತ್ತೇನೆ. ಹಾಗಿರುವಾಗ ಸಾರ್ವಜನಿಕ ಜಾಗದಲ್ಲಿ ಸೇದುವುದು ನನ್ನ ಹಕ್ಕಲ್ಲವೇ?

ಒಂದು ವಸ್ತುವನ್ನು ಮಾರುವುದು ಕಾನೂನುಬದ್ಧವೆಂದ ಮಾತ್ರಕ್ಕೆ ಅದನ್ನು ಎಲ್ಲಿ ಬೇಕಾದರೂ ಬಳಸುವುದು ಹಕ್ಕಾಗುವುದಿಲ್ಲ. ಮದ್ಯಕ್ಕೂ ಧ್ವನಿವರ್ಧಕಕ್ಕೂ ಅನ್ವಯಿಸುವ ಮಾತು ಇದು. ಉದ್ಯಾನ ಎಲ್ಲರದೂ ಆಗಿರುವುದರಿಂದಲೇ ಅಲ್ಲಿನ ಬಳಕೆಗೆ ಎಲ್ಲರೂ ಒಪ್ಪಬಹುದಾದ ಮಿತಿಗಳು ಬೇಕಾಗುತ್ತವೆ. ಸೇದುವವರನ್ನು ಉದ್ಯಾನದಿಂದ ಹೊರಗಿಡುವುದು ನಿಷೇಧದ ಉದ್ದೇಶವಲ್ಲ. ಅವರು ಬರಲಿ, ನಡೆಯಲಿ, ಕೂರಲಿ. ಸೇದುವ ಆ ಐದು ನಿಮಿಷ ಮಾತ್ರ ಹೊರಗಿರಲಿ ಎಂಬಷ್ಟೇ ಕೋರಿಕೆ.

ಅಂತರರಾಷ್ಟ್ರೀಯ ನೆಲೆಯೂ ಇದಕ್ಕೆ ಇದೆ. 2003ರಲ್ಲಿ ಅಂಗೀಕಾರಗೊಂಡು 2005ರಲ್ಲಿ ಜಾರಿಗೆ ಬಂದ, 180ಕ್ಕೂ ಹೆಚ್ಚು ದೇಶಗಳು ಒಪ್ಪಿರುವ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 8ನೆಯ ವಿಧಿಯು, ಒಳಾಂಗಣದ ಕೆಲಸದ ಜಾಗಗಳು, ಸಾರ್ವಜನಿಕ ಸಾರಿಗೆ ಮತ್ತು ಒಳಾಂಗಣದ ಸಾರ್ವಜನಿಕ ಸ್ಥಳಗಳ ಜೊತೆಗೆ, ಸೂಕ್ತವೆನಿಸಿದಲ್ಲಿ ಇತರ ಸಾರ್ವಜನಿಕ ಸ್ಥಳಗಳಲ್ಲಿಯೂ ಜನರನ್ನು ಹೊಗೆಯಿಂದ ರಕ್ಷಿಸಬೇಕೆಂದು ಹೇಳುತ್ತದೆ. ಉದ್ಯಾನ ಆ ಕೊನೆಯ ವರ್ಗಕ್ಕೆ ಸೇರುತ್ತದೆ. ಸೂಕ್ತವೋ ಅಲ್ಲವೋ ಎಂಬ ತೀರ್ಮಾನವನ್ನು ಆಯಾ ಸಮಾಜವೇ ಚರ್ಚಿಸಿ ಮಾಡಬೇಕು.

ತಂಬಾಕು ವಿರೋಧಿ ತಜ್ಞರಲ್ಲಿಯೇ ಕೆಲವರು ಉದ್ಯಾನ ನಿಷೇಧವನ್ನು ಒಪ್ಪುವುದಿಲ್ಲವಂತೆ, ನಿಜವೇ?

ನಿಜ, ಮತ್ತು ಅವರ ಮಾತನ್ನು ಗಂಭೀರವಾಗಿ ಕೇಳಬೇಕು. ಆಸ್ಟ್ರೇಲಿಯಾದಲ್ಲಿ ದಶಕಗಳ ಕಾಲ ತಂಬಾಕು ಕಂಪನಿಗಳ ವಿರುದ್ಧ ಹೋರಾಡಿದ ಸೈಮನ್ ಚಾಪ್‌ಮನ್ ಅವರು, ಹೊರಾಂಗಣದಲ್ಲಿ ಧೂಮಪಾನ ನಿಷೇಧಿಸುವುದಕ್ಕೆ ನೈತಿಕ ಸಮರ್ಥನೆ ಸಿಗುವುದು ಅಪರೂಪ ಎಂದು 2000ದಲ್ಲಿಯೇ ಬರೆದರು. ಬೇರೆಯವರಿಗೆ ಹಾನಿಯಾಗುವುದನ್ನು ತಡೆಯುವ ನಿಯಮ ಒಂದು ಬಗೆಯದು, ಸೇದುವವರ ಒಳಿತಿಗೆಂದು ಅವರ ಮೇಲೆಯೇ ಹೇರುವ ನಿಯಮ ಇನ್ನೊಂದು ಬಗೆಯದು. ಎರಡನೆಯದನ್ನು ಮೊದಲನೆಯದರ ಹೆಸರಿನಲ್ಲಿ ತರುವುದು ಪ್ರಾಮಾಣಿಕವಲ್ಲ ಎಂಬುದು ಅವರ ವಾದದ ತಿರುಳು. 2013ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಶೋಧಕರಾದ ರೊನಾಲ್ಡ್ ಬೇಯರ್ ಮತ್ತು ಕ್ಯಾಥ್ಲೀನ್ ಬಚಿನ್‌ಸ್ಕಿ ಅವರೂ, ಉದ್ಯಾನ ಮತ್ತು ಕಡಲತೀರದ ನಿಷೇಧಗಳ ಹಿಂದಿನ ನಿಜವಾದ ಪ್ರೇರಣೆ ಧೂಮಪಾನವನ್ನು ಸಮಾಜದ ಕಣ್ಣಿನಲ್ಲಿ ಅಸಹಜವಾಗಿಸುವುದೇ ಹೊರತು ದೂರದ ಹೊಗೆಯ ಅಪಾಯವಲ್ಲ, ಆ ಅಪಾಯದ ಪುರಾವೆ ದುರ್ಬಲ ಎಂದು ತೋರಿಸಿದರು.

ಈ ಟೀಕೆಯಲ್ಲಿ ಹುರುಳಿದೆ. ಅದರಿಂದ ನಿಷೇಧವೇ ಬೇಡವೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಕಾರಣಗಳನ್ನು ಸರಿಯಾದ ಜಾಗದಲ್ಲಿ ಇಡಬೇಕು ಅಷ್ಟೇ. ಬೆಂಚು ಮತ್ತು ಆಟದ ಜಾಗದ ಹತ್ತಿರದ ಹೊಗೆ, ಮಣ್ಣಿಗೂ ಮಕ್ಕಳಿಗೂ ಸೇರುವ ತುಂಡುಗಳು, ಹದಿಹರೆಯದವರ ಮೇಲಾಗುವ ಪ್ರಭಾವ, ಬಿಡಲು ಪ್ರಯತ್ನಿಸುತ್ತಿರುವವರಿಗೆ ಕಣ್ಣೆದುರಿನ ಸೆಳೆತ ಇಲ್ಲದ ಒಂದು ಜಾಗ. ಈ ನಾಲ್ಕೂ ನಿಲ್ಲಬಲ್ಲ ಕಾರಣಗಳು. ಉತ್ಪ್ರೇಕ್ಷೆಯ ಮೇಲೆ ಕಟ್ಟಿದ ನಿಯಮವನ್ನು ಒಬ್ಬ ಜಾಣ ಪ್ರಶ್ನಿಸಿದರೂ ಅದು ಕುಸಿಯುತ್ತದೆ, ಜೊತೆಗೆ ಒಳಾಂಗಣ ನಿಷೇಧಗಳ ಮೇಲಿನ ನಂಬಿಕೆಯನ್ನೂ ಕೆಡಿಸುತ್ತದೆ.

ಕೊನೆಗೆ ಇದರ ಹೊರೆ ಬಡವರ ಮೇಲೆಯೇ ಬೀಳುವುದಿಲ್ಲವೇ?

ಎಚ್ಚರ ತಪ್ಪಿದರೆ ಖಂಡಿತ ಬೀಳುತ್ತದೆ. ಸ್ವಂತ ಬಾಲ್ಕನಿ, ಹಿತ್ತಲು ಇರುವವರಿಗೆ ಸೇದಲು ಬೇರೆ ಜಾಗವಿದೆ. ಮನೆಯೇ ಇಲ್ಲದವರಿಗೆ, ದಿನವಿಡೀ ಹೊರಗೆ ದುಡಿದು ಮಧ್ಯಾಹ್ನ ಮರದ ನೆರಳಿಗೆ ಬಂದು ಕೂರುವವರಿಗೆ ಇಲ್ಲ. ಅನೇಕ ದೇಶಗಳಲ್ಲಿ ಧೂಮಪಾನ ಈಗ ಬಡವರಲ್ಲಿ, ಮಾನಸಿಕ ಕಾಯಿಲೆಯಿಂದ ಬಳಲುವವರಲ್ಲಿ ಹೆಚ್ಚಾಗಿ ಉಳಿದಿದೆ. ದಂಡ ವಿಧಿಸುವ ಅಧಿಕಾರಿಯ ಕಣ್ಣು ಸೂಟು ತೊಟ್ಟವರಿಗಿಂತ ಹರಿದ ಅಂಗಿಯವರ ಮೇಲೆ ಬೇಗ ಬೀಳುತ್ತದೆ. ಹಣ ಕಟ್ಟಲಾರದವರಿಗೆ ಸಣ್ಣ ದಂಡವೇ ನೋಟಿಸು, ಹೆಚ್ಚುವರಿ ದಂಡ, ಪೊಲೀಸು ಎಂದು ಬೆಳೆಯುತ್ತದೆ. ಆದ್ದರಿಂದ ಮೊದಲ ಸಲ ಎಚ್ಚರಿಕೆ ಮಾತ್ರ, ದಂಡದ ಬದಲು ಚಟ ಬಿಡಿಸುವ ಶಿಬಿರಕ್ಕೆ ಹಾಜರಾಗುವ ಆಯ್ಕೆ, ದಂಡ ಕಟ್ಟಲಿಲ್ಲವೆಂದು ಬಂಧನವಿಲ್ಲ ಎಂಬ ಷರತ್ತುಗಳು ನಿಯಮದಲ್ಲಿಯೇ ಬರೆದಿರಬೇಕು. ಇವಿಲ್ಲದ ನಿಷೇಧವನ್ನು ನಾನು ಬೆಂಬಲಿಸಲಾರೆ.

## ಜಾರಿಯ ಪ್ರಶ್ನೆಗಳು

ನಿಯಮ ಮಾಡುವುದು ಸುಲಭ, ಹಿಡಿಯುವವರು ಯಾರು?

ಹಿಡಿಯುವುದಕ್ಕಿಂತ ಹೇಳುವುದು ಮುಖ್ಯ. ನ್ಯೂಯಾರ್ಕ್ ನಗರ ಜಾರಿಯ ಹೊಣೆಯನ್ನು ಪೊಲೀಸರಿಗಿಂತ ಮುಖ್ಯವಾಗಿ ಉದ್ಯಾನ ಇಲಾಖೆಯ ಸಿಬ್ಬಂದಿಗೆ ಒಪ್ಪಿಸಿ, ಜನರೇ ಒಬ್ಬರಿಗೊಬ್ಬರು ನೆನಪಿಸಿಕೊಂಡು ನಿಯಮವನ್ನು ಪಾಲಿಸುತ್ತಾರೆಂದು ನಂಬಿತು. ದಂಡ 50 ಡಾಲರ್ ಇತ್ತು. ಪ್ರತಿ ಪ್ರವೇಶದ್ವಾರದಲ್ಲಿ ಕಣ್ಣಿನ ಮಟ್ಟಕ್ಕೆ ಫಲಕ, ಆಟದ ಜಾಗದ ಬಳಿ ಇನ್ನೊಂದು, ಮೊದಲ ಕೆಲವು ತಿಂಗಳು ತಿಳಿಸಿ ಹೇಳುವ ಸ್ವಯಂಸೇವಕರು: ಇಷ್ಟು ಮಾಡಿದ ಕಡೆ ದಂಡದ ಪುಸ್ತಕ ತೆರೆಯುವ ಸಂದರ್ಭ ಕಡಿಮೆಯಾಗುತ್ತದೆ. ಫಲಕವೇ ಇಲ್ಲದ ಉದ್ಯಾನದಲ್ಲಿ ದಂಡ ವಸೂಲಿ ಮಾಡುವುದು ಅನ್ಯಾಯ.

ದಂಡ ಎಷ್ಟಿರಬೇಕು?

ಎಲ್ಲ ಉದ್ಯಾನಗಳಿಗೂ 2022ರ ಜುಲೈಯಿಂದ ನಿಷೇಧ ವಿಸ್ತರಿಸಿದ ಸಿಂಗಾಪುರದಲ್ಲಿ ಮೊದಲಿಗೆ 200 ಸಿಂಗಾಪುರ ಡಾಲರ್, ನ್ಯಾಯಾಲಯದಲ್ಲಿ ತಪ್ಪು ಸಾಬೀತಾದರೆ 1,000 ಡಾಲರಿನವರೆಗೆ. ಉದ್ಯಾನ, ಕಡಲತೀರ, ಬಸ್ ತಂಗುದಾಣ ಮತ್ತು ಶಾಲೆಗಳ ಸುತ್ತಮುತ್ತ 2025ರಲ್ಲಿ ನಿಷೇಧ ತಂದ ಫ್ರಾನ್ಸಿನಲ್ಲಿ 135 ಯೂರೊ. ಮಿಲಾನಿನಲ್ಲಿ 40ರಿಂದ 240 ಯೂರೊ. ಮೊತ್ತ ದೊಡ್ಡದಿದ್ದು ಯಾರೂ ವಿಧಿಸದಿದ್ದರೆ ಪ್ರಯೋಜನವಿಲ್ಲ. ಚಿಕ್ಕದಿದ್ದರೂ ಎಲ್ಲರಿಗೂ ಒಂದೇ ಆಗಿ, ತಪ್ಪದೆ ಅನ್ವಯಿಸಿದರೆ ಕೆಲಸ ಮಾಡುತ್ತದೆ.

ಒಂದು ಮೂಲೆಯಲ್ಲಿ ಸೇದುವವರಿಗೆ ಜಾಗ ಬಿಟ್ಟರೆ ಎಲ್ಲರಿಗೂ ಅನುಕೂಲವಲ್ಲವೇ?

ಉದ್ಯಾನದ ಗಾತ್ರವನ್ನು ನೋಡಿ ಹೇಳಬೇಕು. ಬಹಳ ದೊಡ್ಡ ಉದ್ಯಾನದಲ್ಲಿ ಹೊರಗೆ ಹೋಗಿಬರಲು ಅರ್ಧ ಗಂಟೆ ಬೇಕಾಗುವುದಾದರೆ, ನಡೆದಾಡುವ ದಾರಿಯಿಂದಲೂ ನೀರಿನಿಂದಲೂ ದೂರದಲ್ಲಿ, ಬೂದಿ ಮತ್ತು ತುಂಡು ಹಾಕುವ ಡಬ್ಬಿ ಇರುವ ಒಂದು ಗುರುತಿಸಿದ ಜಾಗ ಕೊಡುವುದು ವಿವೇಕ. ಸಣ್ಣ ಉದ್ಯಾನದಲ್ಲಿ ಮೂಲೆ ಎಂಬುದೇ ಇರುವುದಿಲ್ಲ. ಆ ಮೂಲೆ ಯಾರದೋ ಬೆಂಚಿನ ಹಿಂಭಾಗವೇ ಆಗಿರುತ್ತದೆ. ಅಲ್ಲಿ ಪೂರ್ತಿ ನಿಷೇಧವೇ ಸರಳ. ಹತ್ತು ಮೀಟರಿನ ನಿಯಮ ಕಾಗದದ ಮೇಲೆ ಚೆನ್ನಾಗಿದ್ದರೂ, ನಡೆದಾಡುವ ಜನರ ನಡುವೆ ಆ ಅಂತರವನ್ನು ಯಾರು ಯಾವಾಗ ಅಳೆಯಬೇಕೆಂಬ ತಕರಾರು ಮುಗಿಯುವುದಿಲ್ಲ. ಮಿಲಾನ್ ನಗರವೇ 2025ರಿಂದ ಅದೇ ನಿಯಮವನ್ನು ಉದ್ಯಾನದಾಚೆಗೆ, ಬೀದಿಗಳಿಗೂ ಹಿಗ್ಗಿಸಿದೆ. ಅಳೆಯುವ ಕಷ್ಟ ಅಲ್ಲಿಯೂ ತಪ್ಪಿದ್ದಲ್ಲ.

ಇ-ಸಿಗರೇಟಿಗೂ ಇದು ಅನ್ವಯಿಸಬೇಕೇ?

ಇದರಲ್ಲಿ ದೇಶಗಳ ನಡುವೆ ಒಮ್ಮತವಿಲ್ಲ. ಫ್ರಾನ್ಸಿನ 2025ರ ನಿಯಮ ಇ-ಸಿಗರೇಟನ್ನು ಹೊರಗಿಟ್ಟಿತು. ನ್ಯೂಯಾರ್ಕ್ ನಗರ 2013ರಲ್ಲಿಯೇ ಅದನ್ನು ಧೂಮಪಾನದ ಕಾನೂನಿನೊಳಗೆ ತಂದಿತು. ಅದರ ಆವಿಯಲ್ಲಿ ನಿಕೋಟಿನ್ ಮತ್ತು ಸೂಕ್ಷ್ಮ ಕಣಗಳಿದ್ದರೂ ಅದು ಸಿಗರೇಟಿನ ಹೊಗೆಗಿಂತ ಕಡಿಮೆ ವಿಷಕಾರಿ, ಕೆಲವರು ಸಿಗರೇಟು ಬಿಡಲು ಅದನ್ನು ಬಳಸುತ್ತಾರೆ. ಆದರೂ ಒಳಗೆ ಸೇರಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಹದಿಹರೆಯದವರನ್ನು ಈಗ ಹೆಚ್ಚು ಸೆಳೆಯುತ್ತಿರುವುದು ಅದೇ, ಮತ್ತು ಎರಡು ಬಗೆಯ ನಿಯಮಗಳಿದ್ದರೆ ಸಿಬ್ಬಂದಿಗೂ ಗೊಂದಲ.

ಒಳಗೆ ನಿಷೇಧಿಸಿದರೆ ಗೇಟಿನ ಹೊರಗೆ ಗುಂಪುಗೂಡಿ ಸೇದುವುದಿಲ್ಲವೇ?

ಸೇದುತ್ತಾರೆ. ಆಗ ಒಳಗೆ ಬರುವ ಪ್ರತಿಯೊಬ್ಬರೂ ಆ ಹೊಗೆಯನ್ನು ದಾಟಿಯೇ ಬರಬೇಕು. ಗೇಟಿನಿಂದ ಕೆಲವು ಮೀಟರ್ ದೂರದವರೆಗೂ ನಿಷೇಧವನ್ನು ವಿಸ್ತರಿಸಿ, ಅದರಾಚೆ ತುಂಡು ಹಾಕುವ ಡಬ್ಬಿ ಇಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಪಕ್ಕದಲ್ಲಿ ಸೇದುತ್ತಿರುವವರಿಗೆ ಜಗಳವಾಗದಂತೆ ಹೇಗೆ ಹೇಳುವುದು?

ಕಾನೂನಿನಿಂದ ಶುರು ಮಾಡಬೇಡಿ, ನಿಮ್ಮ ತೊಂದರೆಯಿಂದ ಶುರು ಮಾಡಿ. ‘ನನಗೆ ಉಬ್ಬಸ ಇದೆ, ದಯವಿಟ್ಟು ಹೊರಗೆ ಹೋಗಿ ಸೇದುತ್ತೀರಾ?’ ಎಂದರೆ ಹೆಚ್ಚಿನವರು ಎದ್ದು ಹೋಗುತ್ತಾರೆ. ಅನೇಕರಿಗೆ ಅಲ್ಲಿ ನಿಷೇಧವಿರುವುದೇ ಗೊತ್ತಿರುವುದಿಲ್ಲ. ಫಲಕವನ್ನು ತೋರಿಸಿದರೆ ಸಾಕಾಗುತ್ತದೆ. ದನಿ ಏರಿದರೆ ಅಲ್ಲಿಗೆ ಬಿಟ್ಟು ಉದ್ಯಾನದ ಸಿಬ್ಬಂದಿಗೆ ತಿಳಿಸಿ. ಫೋಟೊ ತೆಗೆದು ಎಲ್ಲೆಡೆ ಹಂಚಿ ಮಾನ ಕಳೆಯುವುದು ಮಾತ್ರ ಬೇಡ. ಸೇದುವವರಲ್ಲಿ ಬಹಳ ಮಂದಿ ಬಿಡಬೇಕೆಂದು ಬಯಸುವವರೇ. ನಾಚಿಕೆಪಡಿಸಿದರೆ ಚಟ ಬಿಡುವುದಿಲ್ಲ, ಅಡಗಿ ಸೇದುತ್ತಾರೆ.

ನಿಷೇಧದಿಂದ ನಿಜವಾಗಿ ಉಪಯೋಗವಾಯಿತೆಂದು ತಿಳಿಯುವುದು ಹೇಗೆ?

ಒಳಾಂಗಣ ನಿಷೇಧದ ಫಲ ಆಸ್ಪತ್ರೆಯ ದಾಖಲೆಗಳಲ್ಲಿಯೇ ಕಂಡಿತು: 2006ರ ಕಾನೂನಿನ ನಂತರ ಸ್ಕಾಟ್‌ಲೆಂಡಿನ ಒಂಬತ್ತು ಆಸ್ಪತ್ರೆಗಳಲ್ಲಿ ತೀವ್ರ ಹೃದಯ ತೊಂದರೆಗೆ ದಾಖಲಾಗುವವರ ಸಂಖ್ಯೆ ಶೇ. 17ರಷ್ಟು ಇಳಿಯಿತು. ಉದ್ಯಾನದ ನಿಷೇಧದಿಂದ ಅಂತಹ ಅಂಕಿಯನ್ನು ನಿರೀಕ್ಷಿಸಬಾರದು, ಭರವಸೆ ಕೊಡಲೂಬಾರದು. ಇಲ್ಲಿ ಅಳೆಯಬೇಕಾದವು ಬೇರೆ. ನಿಷೇಧಕ್ಕೆ ಮೊದಲು ಒಂದು ವಾರ, ಆರು ತಿಂಗಳ ನಂತರ ಅದೇ ಜಾಗದಲ್ಲಿ ಒಂದು ವಾರ, ಅದೇ ಬೆಂಚುಗಳ ಸುತ್ತ ಮತ್ತು ಅದೇ ಮರಳಿನ ಗುಂಡಿಯಲ್ಲಿ ತುಂಡುಗಳನ್ನು ಎಣಿಸಬೇಕು. ಸೇದುವವರು ಎಷ್ಟು ಮಂದಿ ಕಂಡರೆಂದು ನಿಗದಿತ ಹೊತ್ತಿನಲ್ಲಿ ಲೆಕ್ಕ ಹಾಕಬೇಕು. ದಂಡ ಯಾರಿಗೆ, ಯಾವ ಭಾಗದಲ್ಲಿ ಬಿತ್ತೆಂಬ ಪಟ್ಟಿಯನ್ನು ಹೆಸರು ಬಿಟ್ಟು ಪ್ರಕಟಿಸಬೇಕು. ಹೊರೆ ಒಂದೇ ವರ್ಗದ ಮೇಲೆ ಬೀಳುತ್ತಿದ್ದರೆ ಅದು ಆ ಪಟ್ಟಿಯಲ್ಲಿಯೇ ಕಾಣುತ್ತದೆ. ಚಟ ಬಿಡಿಸುವ ಸಹಾಯವಾಣಿಯ ಸಂಖ್ಯೆಯನ್ನು ನಿಷೇಧದ ಫಲಕದ ಮೇಲೆಯೇ ಬರೆಸಿದ್ದರೆ, ಆ ಫಲಕ ನೋಡಿ ಕರೆ ಮಾಡಿದವರು ಎಷ್ಟು ಮಂದಿ ಎಂಬುದನ್ನೂ ಅದರ ಜೊತೆಗೆ ಇಡಬಹುದು.